ಬೋರಿನ ಲೆಕ್ಕ ಗುಟ್ಟಾಗಿ ಯಾಕಿರಬೇಕು?

ಹೋದ ಬೇಸಿಗೆಯಲ್ಲಿ ಬಾಗೂರಿನ ನಮ್ಮ ತೆಂಗಿನ ತೋಟದಲ್ಲಿ ಬೋರ್ ಹಾಕಿಸಿದೆ. ಪಾಯಿಂಟ್ ನೋಡೋರು ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಜಾಗ ತೋರಿಸಿದ್ರು. 700 ಅಡಿ ಹೋದರೂ ಬರೀ ಧೂಳು. ರಿಗ್ ಲಾರಿ ಹೋದ ಮೇಲೆ ಪಕ್ಕದ ಹೊಲದ ದೊಡ್ಡಪ್ಪ ಅಂದ್ರು: "ಅದೇ ಸಾಲಲ್ಲಿ ನಮ್ದೂ ಎರಡು ಫೇಲಾಗಿತ್ತು ಕಣಪ್ಪ. ನೀನು ಕೇಳ್ಲೇ ಇಲ್ವಲ್ಲ." ಸಾಲಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತು.

ಅಮೆರಿಕದ ಟೆಕ್ಸಾಸ್‌ನಲ್ಲಿ ತೈಲ, ಗ್ಯಾಸ್ ಬಾವಿಗಳ ದಾಖಲೆ ಸಾರ್ವಜನಿಕ. ಅಲ್ಲಿನ ರೈಲ್‌ರೋಡ್ ಕಮಿಷನ್ (ಹೆಸರು ರೈಲಿನದು, ಕೆಲಸ ತೈಲದ್ದು!) ಅವನ್ನು ನಕ್ಷೆಯಲ್ಲಿ ಇಟ್ಟಿದೆ. ಯಾರು ಬೇಕಾದರೂ ಹುಡುಕಿ ನೋಡಬಹುದು. ತೈಲಕ್ಕೆ ಇರುವ ಮರ್ಯಾದೆ ನಮ್ಮ ನೀರಿಗೆ ಬೇಡವೇ?

ನಮ್ಮಲ್ಲಿ ದಾಖಲೆಯೇ ಇಲ್ಲ ಅಂತಲ್ಲ. ಕೇಂದ್ರ ಅಂತರ್ಜಲ ಮಂಡಳಿ ಅಳೆಯುವ ನೀರಿನ ಮಟ್ಟ ಇಂಡಿಯಾ-ಡಬ್ಲ್ಯುಆರ್‌ಐಎಸ್ ಜಾಲತಾಣದಲ್ಲಿ ಸಿಗುತ್ತೆ. ಗಂಗಾ ಕಲ್ಯಾಣದಲ್ಲಿ ಸರ್ಕಾರದ ದುಡ್ಡಲ್ಲೇ ಬೋರ್ ಕೊರೆಸುತ್ತಾರೆ. ರಾಜ್ಯದ 2011ರ ಅಂತರ್ಜಲ ಕಾಯ್ದೆಯಲ್ಲಿ ಬಾವಿಗಳ ನೋಂದಣಿಗೂ ಅವಕಾಶ ಇದೆ. ನಾನು ಕೇಳೋದು ಇಷ್ಟೇ: ಸರ್ವೆ ನಂಬರ್ ಹಾಕಿದರೆ ಸುತ್ತಲಿನ ಬೋರುಗಳ ಚರಿತ್ರೆ ಮೊಬೈಲಲ್ಲಿ ಬರಲಿ. ದಿಶಾಂಕ್ ಆ್ಯಪ್ ನಾವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ ಅಂದ್ಮೇಲೆ ಇದೇನು ಆಗದ ಕೆಲಸವಲ್ಲ.

ಅಲ್ಲಿವರೆಗೆ ಕೈಕಟ್ಟಿ ಕೂರೋದು ಬೇಡ. ಊರಿನ ನಾಲ್ಕು ಹುಡುಗರು ಸೇರಿ ಪ್ರತಿ ಬೋರಿನ ಹತ್ತಿರ ನಿಂತು ಲೊಕೇಶನ್ ತಗೊಳ್ಳಿ. ಜೊತೆಗೆ ಇಷ್ಟು ಬರೆಯಿರಿ: ಕೊರೆದ ವರ್ಷ, ಒಟ್ಟು ಆಳ, ಕೇಸಿಂಗ್ ಎಷ್ಟು ಅಡಿ, ಎಷ್ಟನೇ ಅಡಿಗೆ ನೀರು, ಎಷ್ಟು ಇಂಚು, ಬತ್ತಿದ್ದು ಯಾವಾಗ. ಫೇಲಾದವನ್ನು ಬಿಡಬೇಡಿ, ಅವೇ ಮುಖ್ಯ. ಗೂಗಲ್ ಶೀಟಲ್ಲಿ ತುಂಬಿಸಿ ಮೈ ಮ್ಯಾಪ್ಸ್‌ಗೆ ಹಾಕಿದರೆ ನಕ್ಷೆ ರೆಡಿ. ಮಾಲೀಕರ ಹೆಸರು, ಫೋನ್ ನಂಬರ್ ಬೇಡ. ಅವರ ಒಪ್ಪಿಗೆ ಮಾತ್ರ ಕೇಳಿ.

"ನೀರಿರೋ ಜಾಗ ತೋರಿಸಿದ್ರೆ ಎಲ್ಲರೂ ಅಲ್ಲೇ ಕೊರೀತಾರೆ" ಅನ್ನೋರಿದ್ದಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ಬತ್ತಿದ ವರ್ಷವೂ ನಕ್ಷೆಯಲ್ಲಿರಬೇಕು. ಒತ್ತೊತ್ತಾಗಿ ಕೊರೆದ ಕಡೆ ಏನಾಯ್ತು ಅಂತ ಅದೇ ಹೇಳುತ್ತೆ. ನಮ್ಮದು ಗಟ್ಟಿ ಬಂಡೆಯ ನೆಲ, ನೀರು ಬಿರುಕಲ್ಲಿ ಮಾತ್ರ. ಹತ್ತು ಮಾರು ಆಚೆಗೇ ಲೆಕ್ಕ ತಪ್ಪಬಹುದು. ನಕ್ಷೆ ನೀರು ಕೊಡಲ್ಲ.

ಆದರೆ ರಿಗ್ ಲಾರಿಗೆ ಫೋನ್ ಮಾಡೋ ಮುಂಚೆ "ಇಲ್ಲಿ ಬೇಡ" ಅಂತ ಒಂದು ಮಾತು ಹೇಳುತ್ತೆ. ನನಗೆ ಅದೊಂದು ಮಾತು ಸಿಕ್ಕಿದ್ದರೆ ಸಾಕಿತ್ತು.