ತಗ್ಗಿನ ತೆರಿಗೆ

ಮಳೆ ಆಯಿತೇ ಎಂದು ಕೇಳಿದ ಮೇಲೆ ನಮ್ಮ ಕಡೆಯವರು ಕೇಳುವ ಎರಡನೆಯ ಮಾತು ರಸ್ತೆ ಹೇಗಿದೆ ಎಂಬುದು. ಈ ಎರಡು ಪ್ರಶ್ನೆಗಳಿಗೂ ಒಂದೇ ಸಲಕ್ಕೆ ಒಳ್ಳೆಯ ಉತ್ತರ ದೊರೆತುದನ್ನು ಕೇಳಿದವರು ವಿರಳ. ಮಳೆ ಚೆನ್ನಾಗಿ ಆಯಿತೆಂದರೆ ರಸ್ತೆ ಹೋಯಿತೆಂದೇ ಅರ್ಥ. ರಸ್ತೆ ಚೆನ್ನಾಗಿದೆ ಎಂದರೆ ಹೊಲ ಒಣಗಿದೆ ಎಂದು ತಿಳಿಯಬೇಕು.

ಮೈಸೂರು ಸೀಮೆಯವರು ಗುಂಡಿ ಎನ್ನುವುದನ್ನು ನಾವು ತಗ್ಗು ಎನ್ನುತ್ತೇವೆ. ಇದು ಬರಿಯ ಮಾತಿನ ಭೇದವಲ್ಲವೆಂದು ನನಗೆ ತೋರುತ್ತದೆ. ಗುಂಡಿ ಎಂದರೆ ಯಾರೋ ತೋಡಿದ್ದು. ತಗ್ಗು ಎಂದರೆ ತಾನಾಗಿಯೇ ಆದುದು. ಯಾರೂ ತೋಡದ ತಗ್ಗಿಗೆ ಯಾರನ್ನು ಕೇಳುವುದು? ನಮ್ಮ ಸೀಮೆಯ ಸಹನೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಆದರೆ ರಸ್ತೆಯ ತಗ್ಗು ತಾನಾಗಿಯೇ ಆಗುವುದಿಲ್ಲ, ಅದರ ವೆಚ್ಚವೂ ತಾನಾಗಿಯೇ ತೀರುವುದಿಲ್ಲ. ಯಾವ ಕಚೇರಿಯ ಲೆಕ್ಕದಲ್ಲಿಯೂ ಕಾಣದ ಆ ವೆಚ್ಚವನ್ನು ಮೋಟಾರಿನವನು ದಿನದಿನವೂ ತೆರುತ್ತಿದ್ದಾನೆ. ಅದನ್ನು ತೆರಿಗೆ ಎಂದೇ ಕರೆಯಬೇಕೆಂಬುದು ನನ್ನ ವಾದ.

ಗುರುಗುಂಟಾ ಒಂದು ಕಾಲಕ್ಕೆ ನಿಜಾಮರ ಅಧೀನದಲ್ಲಿದ್ದ ಸಂಸ್ಥಾನ. ಇಂದು ಲಿಂಗಸುಗೂರು ತಾಲೂಕಿನ ಒಂದು ಊರು. ತಾಲೂಕು ಕಚೇರಿ, ಕೋರ್ಟು, ದೊಡ್ಡ ದವಾಖಾನೆ ಎಂದರೆ ಲಿಂಗಸುಗೂರಿಗೆ ಹೋಗಬೇಕು; ವ್ಯಾಪಾರವಿದ್ದವರು ಮಸ್ಕಿ, ಸಿಂಧನೂರಿನವರೆಗೂ ಹೋಗಬೇಕು. ಬಸ್ಸು ತಪ್ಪಿದರೆ ಕ್ರೂಸರ್, ಟಂಟಂ, ಇಲ್ಲವೇ ಬಾಡಿಗೆ ಕಾರು. ಅಮರೇಶ್ವರನ ಜಾತ್ರೆಯಲ್ಲಂತೂ ಹೇಳಲೇಬೇಕಾದ್ದಿಲ್ಲ. ಗಾಲಿ ಇದ್ದುದೆಲ್ಲ ರಸ್ತೆಗಿಳಿಯುತ್ತದೆ. ಈ ಗಾಡಿಗಳ ಒಡೆಯರು ಸಿರಿವಂತರಲ್ಲ. ಬಹುಮಟ್ಟಿಗೆ ಸಾಲದ ಗಾಡಿಗಳು, ತಿಂಗಳ ಕಂತು, ದಿನದ ದುಡಿಮೆ. ಕಾರು ಎಂದೊಡನೆ ಶ್ರೀಮಂತರ ಸಂಗತಿ ಎಂದು ಪುಟ ತಿರುವುವ ಮಿತ್ರರು ದಯವಿಟ್ಟು ಸ್ವಲ್ಪ ತಡೆಯಬೇಕು.

ಗಾಡಿಗೆ ಆಗುವುದೇನು? ನಮ್ಮದು ಕಲಾ ಕಾಲೇಜು. ತಪ್ಪು ಹಿಡಿಯಲು ಭೌತಶಾಸ್ತ್ರದ ಅಧ್ಯಾಪಕರು ಇಲ್ಲದಿರುವ ಧೈರ್ಯದಿಂದ ಕೊಂಚ ವಿವರಿಸುತ್ತೇನೆ. ಗಾಡಿಯ ಮೈಗೂ ಗಾಲಿಗೂ ನಡುವೆ ಸ್ಪ್ರಿಂಗು ಇರುತ್ತದೆ. ಲಾರಿಗಳಲ್ಲಿಯೂ, 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಕಾರಿನ ಹಿಂಭಾಗದಲ್ಲಿಯೂ ಇದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಾಟಾ. ಈಗಿನ ಕಾರುಗಳಲ್ಲಿ ಸುರುಳಿ. ಸ್ಪ್ರಿಂಗಿಗೆ ಏಟನ್ನು ನುಂಗುವ ಗುಣವಿದೆ, ಆದರೆ ನುಂಗಿದ್ದನ್ನು ಇಟ್ಟುಕೊಳ್ಳುವ ಗುಣವಿಲ್ಲ. ಒಮ್ಮೆ ಅದುಮಿದರೆ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದಕ್ಕೆ ಶಾಕ್ ಅಬ್ಸಾರ್ಬರ್ ಉಂಟು. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ತೂರಿ ಹೋಗುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಕಳೆದುಹೋಗುತ್ತದೆ. ಇವೆರಡನ್ನೂ ಮೈಗೂ ಗಾಲಿಗೂ ಹೊಂದಿಸುವ ತೋಳುಗಳು, ಆ ತೋಳುಗಳ ಕೀಲುಗಳು, ಕೀಲುಗಳೊಳಗಿನ ರಬ್ಬರ್ ಬುಷ್‌ಗಳು ಬೇರೆ.

ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎರಡು ಅಡಿ ಉದ್ದದ ತಗ್ಗನ್ನು ಅದು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ಆಗುವ ಮೊದಲೇ ದಾಟಿರುತ್ತದೆ. ಬರಿಯ ಭೂಮಿಯ ಸೆಳೆತಕ್ಕೆ ಬಿಟ್ಟರೆ ಅಷ್ಟು ಹೊತ್ತಿನಲ್ಲಿ ಗಾಲಿ ಒಂದು ಸೆಂಟಿಮೀಟರ್ ಕೂಡ ಇಳಿಯಲಾರದು. ಆದರೆ ಗಾಡಿಯ ಭಾರಕ್ಕೆ ಅದುಮಿಕೊಂಡು ಕುಳಿತಿರುವ ಸ್ಪ್ರಿಂಗು, ಕೆಳಗಿನ ಆಸರೆ ತಪ್ಪಿದೊಡನೆ, ಗಾಲಿಯನ್ನು ಒದ್ದು ತಗ್ಗಿನೊಳಕ್ಕೆ ಇಳಿಸುತ್ತದೆ. ಇಳಿದ ಗಾಲಿ ಎದುರಿನ ಅಂಚಿಗೆ ಹೋಗಿ ಬಡಿಯುತ್ತದೆ. ಕೆಡುಕೆಲ್ಲ ಇರುವುದು ಬೀಳುವುದರಲ್ಲಲ್ಲ, ಈ ಬಡಿತದಲ್ಲಿ. ವೇಗ ಎರಡರಷ್ಟಾದರೆ ಬಡಿತದ ಶಕ್ತಿ ನಾಲ್ಕರಷ್ಟು. ತಗ್ಗು ಕಂಡು ಗಾಬರಿಯಿಂದ ಅದರೊಳಗೇ ಬ್ರೇಕು ಒತ್ತುವವರು ಇನ್ನೂ ಕೆಡಿಸಿಕೊಳ್ಳುತ್ತಾರೆ. ಬ್ರೇಕಿಗೆ ಗಾಡಿಯ ಮೂತಿ ಬಾಗಿ ಮುಂದಿನ ಸ್ಪ್ರಿಂಗು ಮೊದಲೇ ಅದುಮಿಹೋಗಿರುತ್ತದೆ, ಏಟನ್ನು ನುಂಗಲು ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ಬ್ರೇಕು ತಗ್ಗಿಗೆ ಮುಂಚೆ. ತಗ್ಗಿನಲ್ಲಿ ಕಾಲು ತೆಗೆಯಬೇಕು.

ಒಂದು ಏಟಿಗೆ ಗಾಡಿ ಮುರಿದು ಬೀಳುವುದು ಅಪರೂಪ. ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಕ್ರೂಸರ್ ಒಂದಿದೆ ಎನ್ನೋಣ. ಒಂದು ದಾರಿಗೆ 50 ತಗ್ಗಿಗೆ ಗಾಲಿ ಇಳಿಯಿತು ಎನ್ನೋಣ. ದಿನಕ್ಕೆ 400, ವರ್ಷದಲ್ಲಿ 300 ದಿನ ಓಡಿದರೆ 1,20,000 ಏಟು. ಮೊದಲು ಶಾಕ್ ಅಬ್ಸಾರ್ಬರಿನ ಸೀಲು ಹೋಗಿ ಎಣ್ಣೆ ಒಸರುತ್ತದೆ. ಅದು ಸೋತ ಮೇಲೆ ಸ್ಪ್ರಿಂಗಿನ ಕುಣಿತ ಬುಷ್‌ಗಳನ್ನು ತಿನ್ನುತ್ತದೆ. ಕೀಲಿನ ರಬ್ಬರ್ ಟೊಪ್ಪಿಗೆ ಹರಿದು ನಮ್ಮ ಎರೆಯ ಧೂಳು ಗ್ರೀಸಿನೊಡನೆ ಬೆರೆತು, ಅರದಂತೆ ಉಕ್ಕನ್ನು ಉಜ್ಜುತ್ತದೆ. ಗಾಲಿಯ ನೇರ ತಪ್ಪಿ, ಟಯರು ಒಂದೇ ಮಗ್ಗುಲಿಗೆ ಸವೆಯುತ್ತದೆ. ಅಷ್ಟರಲ್ಲಿ ಮುಂದಿನಿಂದ ಕಟ ಕಟ ಸಪ್ಪಳ ಕೇಳಿಬರುತ್ತದೆ; ಗಾಡಿ ಒಂದು ಕಡೆಗೆ ಎಳೆಯುತ್ತದೆ. “ತಮ್ಮಾ, ಗಾಡಿ ಹಳೇದಾಗಿಲ್ಲ, ರಸ್ತಾ ಹಳೇದಾಗೈತಿ” ಎಂದು ಮೇಸ್ತ್ರಿಯೊಬ್ಬ ಹೇಳಿದ್ದನ್ನು ನಾನು ಕೇಳಿದ್ದೇನೆ. ಇದಕ್ಕಿಂತ ಸರಿಯಾದ ರೋಗನಿದಾನ ಇನ್ನೊಂದಿರಲಾರದು.

ಇಷ್ಟಾದ ಮೇಲೆ ದುಡ್ಡು ಯಾರದು? ಪೂರ್ಣ ವಿಮೆ ಇಳಿಸಿದವನೂ ಅಪಘಾತವೆಂದು ತೋರಿಸಬಹುದಾದ ಏಟಿಗೆ ಮಾತ್ರ ಹಣ ಕೇಳಬಹುದು. ಸವೆತವನ್ನೂ ಯಂತ್ರದ ಕೆಡುಕನ್ನೂ ವಿಮಾಪತ್ರ ಹೊರಗಿಟ್ಟಿದೆ. ಒಪ್ಪಿದ ಏಟಿನಲ್ಲಿಯೂ, ಸಾಮಾನ್ಯ ವಿಮಾಪತ್ರದಂತೆ, ರಬ್ಬರಿನ ಭಾಗಗಳಿಗೆ ಅರ್ಧ ಬೆಲೆ ಕಡಿದೇ ಕೊಡುವುದು. ನ್ಯಾಯಾಲಯದ ದಾರಿ ಇದೆಯಲ್ಲ ಎನ್ನಬಹುದು. ಬೆಂಗಳೂರಿನ ರಸ್ತೆಗಳ ಬಗೆಗಿನ ಮೊಕದ್ದಮೆಯಲ್ಲಿ 2019ರ ಜುಲೈಯಲ್ಲಿ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯ, ಸುಸ್ಥಿತಿಯ ರಸ್ತೆಯು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದೆಂದೂ, ಗುಂಡಿಯಿಂದ ನೊಂದವರು ಪರಿಹಾರ ಕೇಳಬಹುದೆಂದೂ ಹೇಳಿತು. ಅದೇ ವರ್ಷ ಮೋಟಾರು ವಾಹನ ಕಾಯಿದೆಗೆ 198ಎ ಎಂಬ ಕಲಮು ಸೇರಿತು. ರಸ್ತೆಯನ್ನು ನಿಯಮದಂತೆ ಕಟ್ಟದ, ಕಾಯದ ತಪ್ಪಿನಿಂದ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ. ಇವೆರಡೂ ಸ್ತುತ್ಯವಾದವು. ಆದರೆ ಇವು ಕಣ್ಣಿಗೆ ಕಾಣುವ ಒಂದು ಘಟನೆಯನ್ನು ಬೇಡುತ್ತವೆ. 1,20,000 ಸಣ್ಣ ಏಟುಗಳಲ್ಲಿ ಬುಷ್ ಸವೆಯಿಸಿದ ಏಟು ಯಾವುದೆಂದು ಯಾವ ಸಾಕ್ಷಿ ಹೇಳಬಲ್ಲನು? ತಲೆ ಒಡೆದರೆ ಕಾನೂನು ಇದೆ. ಮೆಲ್ಲಮೆಲ್ಲನೆ ಜೇಬು ಸವೆದರೆ ಇಲ್ಲ. ಗಾಡಿಯವನು ಬಾಡಿಗೆ ಹೆಚ್ಚಿಸುತ್ತಾನೆ, ಇಲ್ಲವೇ ರಿಪೇರಿಯನ್ನು ಮುಂದೂಡುತ್ತಾನೆ. ಮೊದಲನೆಯದನ್ನು ನಾವು ತೆರುತ್ತೇವೆ. ಎರಡನೆಯದು ಹೆಚ್ಚು ಭಯಂಕರ; ಸವೆದ ಕೀಲು ತುಂಬಿದ ಗಾಡಿಯಲ್ಲಿ ಎಲ್ಲಿ ಕಳಚೀತೆಂದು ಹೇಳುವಂತಿಲ್ಲ.

ಇನ್ನು ತಗ್ಗನ್ನು ತೋಡುವವರು ಯಾರು? ಒಬ್ಬ ಅಪರಾಧಿ ನೆಲದೊಳಗೇ ಇದ್ದಾನೆ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಖಡಿ, ಡಾಂಬರು ಆ ಉಸಿರಾಟಕ್ಕೆ ಸೀಳುತ್ತದೆ. ಸೀಳಿನಲ್ಲಿ ನೀರು ಇಳಿಯುತ್ತದೆ. ಬುಡ ಮೆತ್ತಗಾದ ಮೇಲೆ ಹಾಯ್ದ ಮೊದಲ ಲಾರಿಗೆ ಅದು ಕಿತ್ತು ಬರುತ್ತದೆ. ಮಸಾರಿ ನೆಲದಲ್ಲಿ ಈ ಕಾಟ ಇಷ್ಟಿಲ್ಲ. ಸಿಂಧನೂರಿಗೆ ತುಂಗಭದ್ರೆಯ ಎಡದಂಡೆ ಕಾಲುವೆ, ಲಿಂಗಸುಗೂರಿನ ಕಡೆಗೆ ನಾರಾಯಣಪುರದ ಬಲದಂಡೆ ಕಾಲುವೆ ಬಂದ ಮೇಲೆ ಹೊಲಗಳು ಹಸಿರಾದವು, ಸಂತೋಷ. ಆದರೆ ನೀರು ನಿಂತ ಗದ್ದೆಯ ಮಗ್ಗುಲಿನ ರಸ್ತೆಯ ಬುಡ ಒಣಗುವ ಹೊತ್ತೇ ಕಡಿಮೆಯಾಯಿತು.

ಎರಡನೆಯ ಅಪರಾಧಿ ಭಾರ. 1958ರಿಂದ 1960ರವರೆಗೆ ಅಮೆರಿಕೆಯ ಇಲಿನಾಯ್ ಪ್ರಾಂತದ ಒಟ್ಟಾವಾ ಎಂಬಲ್ಲಿ ಬೇಕೆಂದೇ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಲಾರಿಗಳನ್ನು ಓಡಿಸಿ ಕೆಡಿಸಿ ನೋಡಿದರು. ರಸ್ತೆಗೆ ಆಗುವ ಹಾನಿ ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆಂಬ ಲೆಕ್ಕ ಅಲ್ಲಿಂದ ಬಂತು. ಒಂದು ಟನ್ನಿನ ಕಾರಿನ ಒಂದು ಅಚ್ಚಿನ ಮೇಲೆ ಅರ್ಧ ಟನ್. ಲಾರಿಯ ಅಚ್ಚಿನ ಮೇಲೆ 10 ಟನ್. ಭಾರ ಇಪ್ಪತ್ತರಷ್ಟು, ಹಾನಿ 1,60,000ದಷ್ಟು! ನಮ್ಮ ದೇಶದಲ್ಲಿ ನಾಲ್ಕು ಟಯರಿನ ಒಂಟಿ ಅಚ್ಚಿಗೆ 10.2 ಟನ್ ಇದ್ದ ಮಿತಿಯನ್ನು 2018ರಲ್ಲಿ 11.5ಕ್ಕೆ ಏರಿಸಿದರು. ಕೇಳಲು ಸಣ್ಣ ಏರಿಕೆ. ಮೇಲಿನ ಲೆಕ್ಕಕ್ಕೆ ಹಚ್ಚಿದರೆ ರಸ್ತೆಯ ಸವೆತ ನೂರಕ್ಕೆ 60ರಷ್ಟು ಹೆಚ್ಚು. ಮಿತಿ ಮೀರಿ ಭತ್ತ, ಉಸುಕು ಹೇರಿದ ಲಾರಿಯ ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬಹುದು. ತಗ್ಗು ತೋಡುವುದು ದೊಡ್ಡ ಗಾಲಿ, ಅದರ ಏಟು ತಿನ್ನುವುದು ಸಣ್ಣ ಗಾಲಿ.

ಡ್ರೈವರು ನಿಧಾನವಾಗಿ ನಡೆಸಿದರೆ ಸಾಕಲ್ಲ, ಇಷ್ಟು ದೊಡ್ಡ ಮಾತೇಕೆ ಎನ್ನುವವರಿದ್ದಾರೆ. ಹಗಲಿನಲ್ಲಿ, ಒಣ ರಸ್ತೆಯಲ್ಲಿ, ಅವಸರವಿಲ್ಲದವನಿಗೆ ಇದು ಸರಿಯಾದ ಬುದ್ಧಿವಾದ. ರಾತ್ರಿ ಮಳೆಯಲ್ಲಿ ಹೆರಿಗೆಯ ನೋವಿನವಳನ್ನು ಲಿಂಗಸುಗೂರಿಗೆ ಒಯ್ಯುವವನಿಗೆ, ನೀರು ತುಂಬಿದ ತಗ್ಗು ರಸ್ತೆಯ ಹಾಗೆಯೇ ಕಾಣುವಾಗ, ಈ ಬುದ್ಧಿವಾದ ಯಾವ ಪ್ರಯೋಜನಕ್ಕೆ ಬಂದೀತು?

ನಮ್ಮ ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಿಂದ ಅಶೋಕನ ಹೆಸರು ಸ್ಪಷ್ಟವಾಯಿತೆಂದು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಆ ಅರಸ ದಾರಿಯ ಬದಿಗೆ ಮರ ನೆಡಿಸಿ ಬಾವಿ ತೋಡಿಸಿದನೆಂದು ಅವನ ಬೇರೆ ಶಾಸನಗಳು ಹೇಳುತ್ತವೆ. ನಮ್ಮ ಕಾಲದಲ್ಲಿ ಬಾವಿಗಳು ದಾರಿಯ ನಡುವಿಗೇ ಬಂದಿವೆ. ಹಟ್ಟಿಯ ಚಿನ್ನದ ಗಣಿ ಇರುವ ತಾಲೂಕಿನಲ್ಲಿ ತಗ್ಗಿಗೆ ಒಂದು ಬುಟ್ಟಿ ಗರಸು ಸಿಗದೆಂಬುದೂ ಒಂದು ಸೋಜಿಗವೇ.

ಹೊಸ ರಸ್ತೆಗೆ ಹಣ ಬರುವುದಿಲ್ಲವೆಂದು ನಾನು ಹೇಳಲಾರೆ. ಈ ಭಾಗಕ್ಕೆ 371ಜೆ ವಿಧಿ ಇದೆ, ಅಭಿವೃದ್ಧಿ ಮಂಡಳಿ ಇದೆ; ಕಲ್ಲು ಹಾಕುವ, ರಿಬ್ಬನ್ ಕತ್ತರಿಸುವ ಸಮಾರಂಭಗಳಿಗೆ ಬರಗಾಲವಿಲ್ಲ. ಗಟಾರ ತೋಡುವುದಕ್ಕೆ ಯಾವ ರಿಬ್ಬನ್ನೂ ಇಲ್ಲ, ಅದೇ ತೊಡಕು. ಸಲಿಕೆ, ಬುಟ್ಟಿ ಹಿಡಿದು ತಮ್ಮ ಪಾಲಿನ ರಸ್ತೆಯನ್ನು ವರ್ಷವಿಡೀ ನೋಡಿಕೊಳ್ಳುತ್ತಿದ್ದ ರಸ್ತೆ ಗ್ಯಾಂಗಿನವರನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಬೊಗಸೆಯಷ್ಟು ತಗ್ಗನ್ನು ಅಂದೇ ಮುಚ್ಚುವ, ರಸ್ತೆಯ ಬದಿಯ ನೀರನ್ನು ಅಂದೇ ಹರಿಯಬಿಡುವ ಅಂಥ ಕೈಗಳು ಗುತ್ತಿಗೆಯ ಕಾಗದದಲ್ಲಿ ಇಂದು ಸಿಗುವುದಿಲ್ಲ. ಹೊಸ ಡಾಂಬರಿಗಿಂತ ಮೊದಲು ನನಗೆ ಬೇಕಾದುದು ಅವರು: ಊರಿಗೆ ಇಬ್ಬರು, ಸಂಬಳದ ಮೇಲೆ, ಗುರುಗುಂಟಾದ ರಸ್ತೆ ಗುರುಗುಂಟಾದವರ ಕೈಯಲ್ಲಿ.

ಈ ಸಂಚಿಕೆ ನಿಮ್ಮ ಕೈಸೇರುವಾಗ ಬೇಸಿಗೆ ಬಂದಿರುತ್ತದೆ. ಗಟಾರ ಕಡಿಯುವುದಿದ್ದರೆ ಅದೇ ಕಾಲ. ಜೂನಿನಲ್ಲಿ ಎರೆ ತೊಯ್ದ ಮೇಲೆ ಅದಕ್ಕೆ ಇಳಿದ ಸಲಿಕೆ ಸುಲಭವಾಗಿ ಮೇಲೆ ಬರುವುದಿಲ್ಲ.