ಹಳೇ ಕಂಪ್ಯೂಟರ್ ಗುಜರಿಗಲ್ಲ

1984ರಲ್ಲಿ ಕೇಂದ್ರದ ‘ಕ್ಲಾಸ್’ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂತು. ಮೆಮೊರಿ ಬರೀ 32 ಕೆಬಿ. ಬೇಸಿಕ್ ಭಾಷೆ ಅದರ ಚಿಪ್‌ನಲ್ಲೇ ಕೂತಿತ್ತು. ಇನ್‌ಸ್ಟಾಲ್ ಗಿನ್‌ಸ್ಟಾಲ್ ಏನಿಲ್ಲ. ಸ್ವಿಚ್ ಹಾಕು, ಪ್ರೋಗ್ರಾಂ ಬರಿ, ಅಷ್ಟೇ.

ಈಗ ನಮ್ಮ ನಂಜನಗೂಡು, ಟಿ. ನರಸೀಪುರದ ಕಡೆ ವಿಂಡೋಸ್ 7 ಕಂಪ್ಯೂಟರ್ ಕಂಡರೆ ಸಾಕು, ‘ಇದರಲ್ಲಿ ಕೋಡಿಂಗ್ ಆಗಲ್ಲ, ಹೊಸದು ಬರಲಿ’ ಅಂತಾರೆ. ಯಾಕಾಗಲ್ಲ ಸ್ವಾಮಿ? ಪೈಥಾನ್ 3.9 ಅದರಲ್ಲಿ ಕೂರಲ್ಲ, ನಿಜ. 3.8 ಆರಾಮಾಗಿ ಕೂರುತ್ತೆ. ಫೈಲು 30 ಎಂಬಿಯೊಳಗೆ. ಪೆನ್‌ಡ್ರೈವ್‌ನಲ್ಲಿ ತಂದು ಹಾಕಿ. ಕೋಡ್ ಬರೆಯೋಕೆ ಐಡಲ್ ಜೊತೆಗೇ ಬರುತ್ತೆ. ವೈರಸ್ ಭಯವೇ? ನೆಟ್ ವೈರು ಕಿತ್ತಿಡಿ.

ಲೂಪ್ ಕಲಿಯೋ ಮಗುವಿಗೆ ಹೊಸ ಲ್ಯಾಪ್‌ಟಾಪ್ ಬೇಕಿಲ್ಲ. ಅದು ಬರೋದರೊಳಗೆ ಆ ಮಗು ಹತ್ತನೇ ಕ್ಲಾಸು ದಾಟಿರುತ್ತೆ. ಮೊದಲು ಲ್ಯಾಬಿನ ಬೀಗ ತೆಗೀರಿ.