ದೆವ್ವ ಯಾಕೆ ಹೆಣ್ಣೇ?

ಹೆಂಗಸರು ದೆವ್ವದ ಸಿನಿಮಾ ನೋಡಬಾರದು, ಹೆದರಿಕೊಳ್ಳುತ್ತಾರೆ ಎನ್ನುವ ಹಿರಿಯರಿಗೆ ನನ್ನದೊಂದು ಪ್ರಶ್ನೆ. ತೆರೆಯ ಮೇಲೆ ಬರುವ ದೆವ್ವಗಳಲ್ಲಿ ಬಹುಪಾಲು ಹೆಂಗಸರೇ ಅಲ್ಲವೆ? ಬಿಳಿ ಸೀರೆ, ಬಿಚ್ಚಿದ ಕೂದಲು, ಕಾಲಲ್ಲಿ ಗೆಜ್ಜೆ. 1990ರ ದಶಕದಲ್ಲಿ ನಮ್ಮವರು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ಸಾಗಹಾಕಿದ್ದೂ ಹೆಣ್ಣು ದೆವ್ವವನ್ನೇ. 2018ರ ಹಿಂದಿ ಚಿತ್ರ 'ಸ್ತ್ರೀ' ಆ ಎಳೆಯನ್ನೇ ಹಿಡಿದು ಹೊರಟಿತು.

2004ರ 'ಆಪ್ತಮಿತ್ರ'ವನ್ನೇ ತೆಗೆದುಕೊಳ್ಳಿ. ಸೌಂದರ್ಯ ಅಭಿನಯಿಸಿದ ಗಂಗಾ ತಾನೇ ನಾಗವಲ್ಲಿ ಎಂದುಕೊಂಡು ಕಣ್ಣರಳಿಸಿದಾಗ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಆ ನಾಗವಲ್ಲಿ ಮಾಡಿದ ತಪ್ಪೇನು? ತಾನು ಮೆಚ್ಚಿದವನನ್ನು ಪ್ರೀತಿಸಿದ್ದು. ಕೊಂದವನು ರಾಜ. ಕೊಂದವನನ್ನು ಬಿಟ್ಟು ಸತ್ತವಳಿಗೆ ನಾವು ಹೆದರಬೇಕಂತೆ! ಚಿತ್ರದಲ್ಲಿ ಡಾಕ್ಟರು ಕಂಡುಕೊಂಡ ಮದ್ದಾದರೂ ಏನು? ರಾಜನ ಗೊಂಬೆಯ ಮೇಲೆ ಅವಳು ಸೇಡು ತೀರಿಸಿಕೊಳ್ಳಲಿ ಎಂದು ಬಿಟ್ಟದ್ದು. ಅವಳ ಸಂಕಟಕ್ಕೆ ಕಾರಣವಿದೆ ಎಂದು ಕೊನೆಗಾದರೂ ಒಬ್ಬರು ಒಪ್ಪಿದ ಹಾಗಾಯಿತು.

ಆದ್ದರಿಂದ, ಅಕ್ಕತಂಗಿಯರೆ, ಧಾರಾಳವಾಗಿ ನೋಡಿ. ಬೆಳೆದ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗೆಜ್ಜೆ ಸದ್ದಿಗೆ ಅವಳು ನಿಮ್ಮ ಸೆರಗು ಹಿಡಿದರೆ, 'ಇವಳನ್ನು ಕೊಂದವರು ಯಾರು?' ಎಂದು ಕೇಳಿ. ಅವಳು ಹುಷಾರಾಗಿರಬೇಕಾದದ್ದು ಅಂಥವರ ವಿಷಯದಲ್ಲಿ.